ಬೆಂಗಳೂರು ಶ್ರೀನಗರದ ನಮ್ಮ ಬೀದಿಯವರಿಗೆ

ಇವತ್ತು ಅಪ್ಪನ ಹನ್ನೊಂದನೇ ದಿನದ ತಿಥಿ ಮುಗಿಯಿತು. ಬಾಡಿಗೆ ಪಾತ್ರೆ ವಾಪಸ್ ಹೋದವು, ತಮ್ಮ ಒಳಗೆ ಮಲಗಿದ್ದಾನೆ. ಎದುರಿಗೆ ಬಂದು ಹೇಳೋಣವೆಂದರೆ ನನಗೆ ಅಳು ಬರುತ್ತೆ, ನೀವು 'ಹೋಗಮ್ಮ, ಅದೇನ್ ದೊಡ್ಡದು' ಅಂತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಹೋಗಿದ್ದು ಮೇ 8ರ ಬೆಳಗಿನ ಜಾವ. ಹಿಂದಿನ ದಿನವಷ್ಟೇ ಆಪರೇಷನ್ ಸಿಂಧೂರ, ಮಧ್ಯಾಹ್ನ ಹಲಸೂರಿನಲ್ಲಿ ಸೈರನ್ ಕೂಗಿಸಿ ಅಣಕು ಕಾರ್ಯಾಚರಣೆ. ಜಮ್ಮು ಕಡೆ ಡ್ಯೂಟಿಯಲ್ಲಿದ್ದ ತಮ್ಮನ ಫೋನ್ ಸಿಗುತ್ತಿರಲಿಲ್ಲ. ಅಪ್ಪ ಕೊನೆಗೆ ಕೇಳಿದ್ದೂ 'ಅವನು ಫೋನ್ ಮಾಡಿದ್ನಾ' ಅಂತಲೇ. ಮಾಡಿದ್ದ ಅಂದೆ. ಸುಳ್ಳು.

ಎದುರು ಮನೆ ಸುಬೇದಾರ್ ಅಂಕಲ್, ನೀವು ಸೇನೆಯ ಎಂಇಜಿಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಇದ್ದವರು. ನನ್ನ ಕೈಯಿಂದ ಫೋನ್ ಇಸ್ಕೊಂಡು, 'ಅವನಿಗೆ ಮೆಸೇಜ್ ಹಾಕ್ಬೇಡಮ್ಮ, ಯೂನಿಟ್‌ಗೆ ತಿಳಿಸೋಣ. ಪಕ್ಕದಲ್ಲಿ ಯಾರಾದ್ರೂ ಇರುವಾಗ ಅವನಿಗೆ ಗೊತ್ತಾಗಲಿ' ಎಂದಿರಿ. ನನಗೆ ಅದು ಹೊಳೆದೇ ಇರಲಿಲ್ಲ.

ತಮ್ಮನಿಗೆ ರಜೆ ಇಲ್ಲ, ಆ ಕಡೆಯ ವಿಮಾನ ನಿಲ್ದಾಣಗಳು ಬಂದ್. ಬನಶಂಕರಿ ಚಿತಾಗಾರದಲ್ಲಿ ನಾನೇ ಕಾರ್ಯ ಮಾಡಿದೆ. 'ಹೆಣ್ಣುಮಗಳು ಹೇಗೆ' ಎಂದ ನೆಂಟರ ಬಾಯಿ ಮುಚ್ಚಿಸಿದ್ದು ಹಾಲಿನ ಅಂಗಡಿ ಅಣ್ಣ.

ಒಲೆ ಹಚ್ಚದ ಮನೆಗೆ ಯಾರ ಮನೆಯಿಂದ ಎಷ್ಟು ಕ್ಯಾರಿಯರ್ ಬಂತೋ ಲೆಕ್ಕವಿಲ್ಲ. ಎರಡು ಮುಚ್ಚಳ ಇನ್ನೂ ಇಲ್ಲೇ ಇವೆ, ಯಾರದ್ದು ನೋಡಿ.

ಚಾನೆಲ್‌ಗಳು ಸ್ಟುಡಿಯೋದಲ್ಲೇ ಸೈರನ್ ಕೂಗಿಸುತ್ತಿದ್ದವು. ಅದನ್ನು ಬಳಸಬೇಡಿ ಎಂದು ಕೇಂದ್ರ ಗೃಹ ಇಲಾಖೆ ಹೇಳುವ ಹೊತ್ತಿಗೆ 10ನೇ ತಾರೀಖು. ನಮ್ಮ ಮನೆಯಲ್ಲಿ ಎರಡು ದಿನ ಮೊದಲೇ ನಿಂತಿತ್ತು: ಕೆಳಮನೆ ಆಂಟಿ ವೈರ್ ಕಿತ್ತು, 'ಏರಿಯಾಗೇ ಕೇಬಲ್ ಹೋಗಿದೆ' ಎಂದು ಅಮ್ಮನಿಗೆ ಹೇಳಿಬಿಟ್ಟಿದ್ದರು. ಇಡೀ ಬೀದಿ ಆ ಸುಳ್ಳನ್ನು ಕಾಪಾಡಿತು.

10ನೇ ತಾರೀಖೇ ಹಾಲುತುಪ್ಪ. ಸಂಜೆ ಕದನ ವಿರಾಮ ಅಂದರು, ರಾತ್ರಿ ನೋಡಿದರೆ ಶ್ರೀನಗರದಲ್ಲಿ ಸ್ಫೋಟದ ಸದ್ದು ಅಂತ ಸುದ್ದಿ. ಆಗಷ್ಟೇ ಚನ್ನಪಟ್ಟಣ ಮುಟ್ಟಿದ್ದ ಸೋದರತ್ತೆ ನಮ್ಮ ಶ್ರೀನಗರವೇ ಎಂದುಕೊಂಡು ಗೋಳೋ ಎಂದು ಫೋನ್ ಮಾಡಿದರು. ಅಪ್ಪ ಹೋದ ಮೇಲೆ ಅಮ್ಮ ಮೊದಲು ನಕ್ಕಿದ್ದು ಆಗ.

ಅಸ್ಥಿಯ ಮಡಕೆಯನ್ನು ಮನೆಯೊಳಗೆ ತರುವ ಹಾಗಿಲ್ಲ. ತಮ್ಮ ಬರುವ ತನಕ ಎಲ್ಲಿಡುವುದು? ಮೂಲೆ ಮನೆ ಆಂಟಿ, ಕೇಳಲು ಬಾಯಿ ಬಾರದೆ ನಿಂತಿದ್ದೆ. ನೀವೇ ಗೇಟು ತೆಗೆದು, 'ನಮ್ಮ ಮಾವಿನ ಮರಕ್ಕೆ ಕಟ್ಟು. ವರ್ಷಾ ವರ್ಷಾ ಇದರ ಹಣ್ಣು ತಿಂದವರಲ್ವಾ' ಎಂದಿರಿ. ಒಂದು ವಾರ ಅಪ್ಪ ನಿಮ್ಮ ಕಾಂಪೌಂಡಿನಲ್ಲಿದ್ದರು. ನೀವು ದಿನಾ ಸಂಜೆ ಅಲ್ಲೊಂದು ದೀಪ ಇಟ್ಟಿದ್ದು ನಮ್ಮ ಟೆರೇಸಿನಿಂದ ಕಾಣುತ್ತಿತ್ತು.

16ರ ರಾತ್ರಿ ತಮ್ಮ ಬಂದ. ಮನೆಗೂ ಬರದೆ ಮೊದಲು ಆ ಮರದ ಹತ್ತಿರ ಹೋದ. ಮಾರನೇ ದಿನ ಪಶ್ಚಿಮವಾಹಿನಿಯಲ್ಲಿ ಅವನ ಕೈಯಿಂದಲೇ ಬಿಟ್ಟೆವು.

ನಾಳೆ ಹೊರಡುತ್ತಾನೆ. ಆಂಟಿ, ನಿಮ್ಮ ಮರದ ನಾಲ್ಕು ಕಾಯಿ ಅವನ ಬ್ಯಾಗಿಗೆ ಹಾಕಿದ್ದೇನೆ. ಕೇಳದೇ ಕಿತ್ತಿದ್ದು.