ದುರ್ಗದ ಹತ್ತಿರ ಒಂದು ಅಗ್ನಿಪರ್ವತ

ಜೂನ್ ಹತ್ತಿರವಾದಂತೆ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿರುವ ನಮ್ಮ ಕನ್ನಡ ಕೂಟದ ವಾಟ್ಸ್ಆ್ಯಪ್ ಗುಂಪಿನಲ್ಲಿ ಎರಡು ಬಗೆಯ ವಿಚಾರಣೆಗಳು ಶುರುವಾಗುತ್ತವೆ. ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಎಲ್ಲಿಗೆ ಕರೆದುಕೊಂಡು ಹೋಗೋಣ ಎನ್ನುವುದು ಒಂದು. ನಾವು ಊರಿಗೆ ಹೊರಟಿದ್ದೇವೆ, ಏನೇನು ಒಯ್ಯೋಣ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಕ್ಷಣದಲ್ಲಿ ಉತ್ತರಗಳ ಮಳೆ: ಸೇಂಟ್ ಹೆಲೆನ್ಸ್ ಅಗ್ನಿಪರ್ವತ, ಕೊಲಂಬಿಯಾ ನದಿಯ ಕಣಿವೆ, ಮಲ್ಟ್ನೋಮಾ ಜಲಪಾತ. ಎರಡನೆಯದಕ್ಕೆ ಬಾದಾಮಿ, ಚಾಕಲೇಟು, ಮಂಡಿನೋವಿನ ಮುಲಾಮು. ಊರು ಸೇರಿದ ಮೇಲೆ ಮಕ್ಕಳಿಗೆ ಏನು ತೋರಿಸೋಣ ಎಂದು ಮಾತ್ರ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ಅದು ಟಿಕೆಟ್ ಕೊಳ್ಳುವ ಮೊದಲೇ ತೀರ್ಮಾನವಾಗಿರುತ್ತದೆ. ಎರಡು ಮದುವೆ, ಒಂದು ಗೃಹಪ್ರವೇಶ, ಮನೆದೇವರು, ದರ್ಜಿ, ಹಲ್ಲಿನ ವೈದ್ಯರು, ಪುರುಸೊತ್ತಾದರೆ ಅರ್ಧ ದಿನ ಕೋಟೆ. ಮಕ್ಕಳು ಒಂದು ಸೋಫಾದಿಂದ ಇನ್ನೊಂದು ಸೋಫಾಕ್ಕೆ ದಾಟುತ್ತ, ತಮಗೆ ಗುರುತಿಲ್ಲದವರ ಕಾಲಿಗೆ ನಮಸ್ಕಾರ ಮಾಡುತ್ತ ರಜೆ ಮುಗಿಸುತ್ತಾರೆ.

ದಾವಣಗೆರೆ, ಚಿತ್ರದುರ್ಗದ ಕಡೆಯವರು ನಮ್ಮ ಕೂಟದಲ್ಲಿ ಸಾಕಷ್ಟು ಮಂದಿ ಇದ್ದೇವೆ. ಅವರಿಗೆಂದೇ ಈ ಸಲದ ಸಂಪಾದಕೀಯ. ಒಂದು ದಿನ ಬಿಡುವು ಮಾಡಿಕೊಳ್ಳಿ. ಬೆಳಿಗ್ಗೆ ಅಗ್ನಿಪರ್ವತ, ಮಧ್ಯಾಹ್ನ ನದಿಯ ಕಣಿವೆ, ರಾತ್ರಿ ಊಟಕ್ಕೆ ಮನೆ. ಎರಡೂ ನಮ್ಮ ಸೀಮೆಯಲ್ಲೇ ಇವೆ.

ಬೆಂಗಳೂರಿನಿಂದ ದಾವಣಗೆರೆಗೆ ಹೋಗುವ ಹೆದ್ದಾರಿಯಲ್ಲಿ ಹಿರಿಯೂರು ದಾಟಿ ದುರ್ಗ ಸೇರುವ ಮುಂಚೆ ಐಮಂಗಲ ಬರುತ್ತದೆ. ವಿಮಾನ ಇಳಿದು ಬರುವ ನಾವು ಸಾಮಾನ್ಯವಾಗಿ ಅಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿರುತ್ತೇವೆ. ಐಮಂಗಲಕ್ಕೆ ಹತ್ತಿರದಲ್ಲೇ ಇರುವುದು ಮರಡಿಹಳ್ಳಿ. ಅಲ್ಲಿನ ಬಂಡೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಅದು ಸುಮಾರು 250 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಉಕ್ಕಿದ ಲಾವಾ. ಚಿತ್ರದುರ್ಗದಲ್ಲಿ ಸಮುದ್ರ! ಬೋರ್‌ವೆಲ್ ಕೊರೆದು ಕೊರೆದು ಸೋತ ನಾಡಿನವರಿಗೆ ಇದನ್ನು ಹೇಳಿದರೆ ಮೊದಲು ನಗುತ್ತಾರೆ.

ನಮ್ಮ ಮನೆಯಲ್ಲಿ ಈ ಪ್ರವಾಸದ ಬೀಜ ಬಿದ್ದದ್ದು ಇಲ್ಲಿ, ಪೋರ್ಟ್‌ಲ್ಯಾಂಡಿನಲ್ಲಿ. ಕೆಲವು ವರ್ಷಗಳ ಹಿಂದೆ ದಾವಣಗೆರೆಯಿಂದ ನನ್ನ ಅಮ್ಮ, ಹಿರಿಯೂರಿನ ಕಡೆಯಿಂದ ಮಾವನವರು ಒಟ್ಟಿಗೆ ಬಂದಿದ್ದರು. ಸೇಂಟ್ ಹೆಲೆನ್ಸ್ ಮತ್ತು ಕೊಲಂಬಿಯಾ ಕಣಿವೆ ಎರಡನ್ನೂ ಒಂದೇ ದಿನದಲ್ಲಿ ಮುಗಿಸುವ ದುರಾಸೆಯಿಂದ ಕತ್ತಲಲ್ಲೇ ಹೊರಟೆವು. ಆಗ ಜಾನ್‌ಸ್ಟನ್ ದಿಬ್ಬದ ವೀಕ್ಷಣಾಲಯ ತೆರೆದಿತ್ತು. ಮಣ್ಣು ಕುಸಿದು ದಾರಿಯ ಸೇತುವೆ ಕೊಚ್ಚಿಹೋದದ್ದು 2023ರ ಮೇ ತಿಂಗಳಲ್ಲಿ, ಅನಂತರ ಅದು ಮುಚ್ಚಿತು. ಅಲ್ಲಿ ಒಂದು ಕಿರುಚಿತ್ರ ತೋರಿಸುತ್ತಿದ್ದರು. 1980ರ ಮೇ 18ರ ಬೆಳಿಗ್ಗೆ 8 ಗಂಟೆ 32 ನಿಮಿಷಕ್ಕೆ ಭೂಮಿ ಕಂಪಿಸಿ, ಪರ್ವತದ ಉತ್ತರ ಮಗ್ಗುಲು ಪೂರ್ತಿಯಾಗಿ ಜಾರಿತು. ಒಳಗೆ ಅದುಮಿಟ್ಟಿದ್ದ ಒತ್ತಡ ಪಕ್ಕಕ್ಕೆ ಸಿಡಿಯಿತು. 57 ಜನ ಸತ್ತರು. ಪರ್ವತವನ್ನು ಕಾಯುತ್ತಿದ್ದ ಡೇವಿಡ್ ಜಾನ್‌ಸ್ಟನ್ ಎಂಬ ವಿಜ್ಞಾನಿಯೂ ಅವರಲ್ಲಿ ಒಬ್ಬರು. 9,677 ಅಡಿ ಇದ್ದ ಶಿಖರ 8,363 ಅಡಿಗೆ ಇಳಿಯಿತು. ಚಿತ್ರ ಮುಗಿದೊಡನೆ ಪರದೆ ಸರಿಯುತ್ತಿತ್ತು. ಗಾಜಿನಾಚೆ ಅದೇ ಪರ್ವತ ಒಡೆದ ಬಾಯಿಯೊಂದಿಗೆ ಕೂತಿರುತ್ತಿತ್ತು. ಅಮ್ಮ ಕೈಮುಗಿದರು. ಮಗಳು ಅಂದಿನಿಂದ ಶಾಲೆಯ ಗ್ರಂಥಾಲಯದಲ್ಲಿದ್ದ ಅಗ್ನಿಪರ್ವತದ ಪುಸ್ತಕಗಳನ್ನೆಲ್ಲ ಹೊತ್ತು ತರತೊಡಗಿದಳು.

ಸಂಜೆ ಕೊಲಂಬಿಯಾ ಕಣಿವೆಯಲ್ಲಿ ಬೊನೆವಿಲ್ ಅಣೆಕಟ್ಟನ್ನು ತೋರಿಸಿದೆವು. ಸಾಲ್ಮನ್ ಮೀನುಗಳು ಮೆಟ್ಟಿಲು ಹತ್ತಿಕೊಂಡು ಹೋಗುವುದನ್ನು ಗಾಜಿನ ಕಿಟಕಿಯಲ್ಲಿ ಅಮ್ಮ ಮೆಚ್ಚಿ ನೋಡಿದರು. ಮಾವನವರ ಕಣ್ಣು ಮೀನಿನ ಮೇಲೆ ಇರಲಿಲ್ಲ. “ಈ ಕಟ್ಟೆಯ ಕೆಳಗೆ ಎಷ್ಟು ಎಕರೆ ನೀರಾವರಿ?” ಎಂದು ಕೇಳಿದರು. ಇದು ವಿದ್ಯುತ್ತಿಗೆ ಮತ್ತು ದೋಣಿ ಸಂಚಾರಕ್ಕೆ ಕಟ್ಟಿದ್ದು, ನೀರಾವರಿ ಇಲ್ಲ ಎಂದೆವು. ಅಷ್ಟು ದೊಡ್ಡ ಹೊಳೆಯನ್ನು ದಂಡೆಯಿಂದ ದಂಡೆಗೆ ನೋಡಿ, “ಇಷ್ಟು ನೀರಿಗೆ ಒಂದು ತೋಟವೂ ಇಲ್ಲವೇನಮ್ಮ?” ಎಂದವರು ಮನೆ ಮುಟ್ಟುವವರೆಗೂ ಅದೇ ಚಿಂತೆಯಲ್ಲಿದ್ದರು.

ಕಳೆದ ಬೇಸಿಗೆ ರಜೆಯಲ್ಲಿ ದಾವಣಗೆರೆಗೆ ಹೋದಾಗ ಮರಡಿಹಳ್ಳಿಗೆ ಹೋಗಲೇಬೇಕೆಂದು ಹಟ ಹಿಡಿದವಳು ಮಗಳೇ. ಅಣ್ಣ ಕಾರು ತಂದ. ಅಮ್ಮ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರನ್ನದ ಬುತ್ತಿ ಕಟ್ಟಿದರು. ಬೆಣ್ಣೆದೋಸೆ ತಿನ್ನದೆ ಊರು ಬಿಡುವಂತಿಲ್ಲ ಎಂಬ ಅಣ್ಣನ ನಿಯಮದಿಂದಾಗಿ ಹೊರಡುವುದು ತಡವಾಯಿತು. ಈ ನಿಯಮಕ್ಕೆ ನಾನೂ ವಿರೋಧಿಯಲ್ಲ.

ಮೊದಲೇ ಹೇಳಿಬಿಡುತ್ತೇನೆ, ಮರಡಿಹಳ್ಳಿಯಲ್ಲಿ ಹೊಗೆ ಇಲ್ಲ, ಶಿಖರ ಇಲ್ಲ, ಬಾಯಿ ತೆರೆದ ಕುಂಡ ಇಲ್ಲ. ಹೊಲಗಳ ನಡುವೆ ಕುರುಚಲು ದಿಣ್ಣೆ, ಅದರ ಮೈಯಲ್ಲಿ ಹಸಿರು ಛಾಯೆಯ ಕಪ್ಪು ಕಲ್ಲು. “ಇದನ್ನು ನೋಡುವುದಕ್ಕೆ ಇಷ್ಟು ದೂರ ಬಂದೆವಾ?” ಎಂದು ಅಣ್ಣ ನನ್ನ ಮುಖ ನೋಡಿದ. ಎರಡು ನಿಮಿಷ ಕಳೆದ ಮೇಲೆ ಕಲ್ಲಿನಲ್ಲಿ ಆಕಾರಗಳು ಎದ್ದು ಕಾಣತೊಡಗಿದವು. ಉಬ್ಬಿದ ಉಂಡೆಗಳು, ಒಂದರ ಮೇಲೊಂದು ಒತ್ತಿಕೊಂಡು, ಇಡೀ ಬಂಡೆಯ ತುಂಬ. ವಿಜ್ಞಾನಿಗಳು ಇದನ್ನು ದಿಂಬು ಲಾವಾ ಎನ್ನುತ್ತಾರೆ. ಅಮ್ಮನಿಗೆ ಕಂಡದ್ದು ದಾವಣಗೆರೆ ಮಂಡಿಯಲ್ಲಿ ಒಟ್ಟಿದ ಮೆಕ್ಕೆಜೋಳದ ಚೀಲಗಳು.

ಆಮೇಲೆ ನಡೆದದ್ದು ನನಗೆ ಆ ರಜೆಯಲ್ಲೇ ಹೆಚ್ಚು ಇಷ್ಟವಾದದ್ದು. ಮಗಳು ಅಜ್ಜಿಯನ್ನು ಬಂಡೆಯ ಹತ್ತಿರ ಕೂರಿಸಿಕೊಂಡು, ತನ್ನ ಅರೆಬರೆ ಕನ್ನಡದಲ್ಲಿ ವಿವರಿಸತೊಡಗಿದಳು. ನೀರಿನ ಅಡಿಯಲ್ಲಿ ಲಾವಾ ಬಿರುಕಿನಿಂದ ಹೊರಬಂದಾಗ ತಣ್ಣೀರು ತಾಗಿ ಅದರ ಹೊರಮೈ ಆ ಕ್ಷಣವೇ ಗಾಜಿನಂತೆ ಗಟ್ಟಿಯಾಗುತ್ತದೆ. ಒಳಗೆ ಇನ್ನೂ ಕುದಿಯುತ್ತಿರುತ್ತದೆ. ಹಿಂದಿನಿಂದ ಬರುವ ಲಾವಾ ತಳ್ಳಿದಾಗ ಆ ಸಿಪ್ಪೆ ಒಂದು ಕಡೆ ಒಡೆದು ಹೊಸ ಉಂಡೆ ಹೊರಬರುತ್ತದೆ, ಅದೂ ಗಟ್ಟಿಯಾಗುತ್ತದೆ, ಮತ್ತೆ ಒಡೆಯುತ್ತದೆ. ಮೆತ್ತಗಿರುವಾಗಲೇ ಕೆಳಗಿನ ಉಂಡೆಗಳ ಸಂದಿನೊಳಕ್ಕೆ ಮೇಲಿನದು ಇಳಿದು ಕೂರುತ್ತದೆ. ಹಾಗಾಗಿ ಪ್ರತಿಯೊಂದಕ್ಕೂ ಮೇಲೆ ಗುಂಡುತಲೆ, ಕೆಳಗೆ ಚೂಪು ಬಾಲ. ಭೂಮಿ ಮಡಚಿ ಪದರಗಳು ಓರೆಯಾದರೂ ತಲೆಕೆಳಗಾದರೂ, ಬಾಲ ಯಾವ ಕಡೆಗಿದೆ ಎಂದು ನೋಡಿ ಅಂದಿನ ಆಕಾಶ ಎತ್ತ ಇತ್ತು ಎಂದು ಹೇಳಬಹುದು. ಅಜ್ಜಿ ಮೊಮ್ಮಗಳು ಇಬ್ಬರೂ ಬಗ್ಗಿಕೊಂಡು ಬಾಲ ಹುಡುಕಿದರು. ಅಂಚಿನ ಕಪ್ಪು ಗೆರೆಯನ್ನು ಮೊದಲು ಗುರುತಿಸಿದ್ದು ಅಮ್ಮ. ಕಲ್ಲು ಹಸಿರೇಕೆ ಎಂಬ ಅಣ್ಣನ ಪ್ರಶ್ನೆಗೂ ಉತ್ತರ ಸಿದ್ಧವಿತ್ತು: ಕೋಟ್ಯಂತರ ವರ್ಷ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಒಳಗಿನ ಖನಿಜಗಳು ಬದಲಾದವು, ಕ್ಲೋರೈಟ್ ಎಂಬ ಹಸಿರು ಖನಿಜ ಬಂದು ಸೇರಿತು.

“ಆಗ ಇಲ್ಲಿ ಯಾರಿದ್ದರು?” ಎಂದು ಅಮ್ಮ ಕೇಳಿದರು. ಸೂಕ್ಷ್ಮಾಣುಗಳು ಬಿಟ್ಟು ಯಾರೂ ಇಲ್ಲ, ಗಾಳಿಯಲ್ಲಿ ಉಸಿರಾಡಲು ಆಮ್ಲಜನಕವೇ ಇರಲಿಲ್ಲ ಎಂದಳು ಮಗಳು. ಅಮ್ಮ ಸ್ವಲ್ಪ ಯೋಚಿಸಿ, “ಹಾಗಾದರೆ ದೇವರೂ ಬಂದಿರಲಿಲ್ಲ” ಎಂದರು. ಇದಕ್ಕೆ ಮಗಳ ಪುಸ್ತಕಗಳಲ್ಲಿ ಉತ್ತರ ಇರಲಿಲ್ಲ.

ನನ್ನ ಮಾತು ಇಷ್ಟೇ. ಊರಿನಲ್ಲಿ ನಮ್ಮ ಮಕ್ಕಳು ಸದಾ ತಿಳಿಯದವರು. ಭಾಷೆ ತೊಡರುತ್ತದೆ, ನೆಂಟಸ್ತಿಕೆ ಗೊತ್ತಾಗುವುದಿಲ್ಲ, ಕೈಯಲ್ಲಿ ಅನ್ನ ಕಲಸುವುದರಲ್ಲೂ ಯಾರಾದರೂ ತಿದ್ದುತ್ತಾರೆ. ಕೋಟೆಗೆ ಕರೆದೊಯ್ದರೂ ನಾವು ಹೇಳುವುದು, ಅವರು ಕೇಳುವುದು. ಸೇಂಟ್ ಹೆಲೆನ್ಸ್ ನೋಡಿ ಬೆಳೆದ ಮಗುವಿಗೆ ಮರಡಿಹಳ್ಳಿಯಲ್ಲಿ ಆ ಸಂಕೋಚ ಇಲ್ಲ. ಅಲ್ಲಿ ಕೇಳುವವರು ನಾವು. ಕೊಲಂಬಿಯಾ ಕಣಿವೆಯ ಗೋಡೆಗಳೂ ಲಾವಾದವೇ, ಹೆಚ್ಚಿನವು ಸುಮಾರು 1.6 ಕೋಟಿ ವರ್ಷ ಹಳೆಯವು, ನೀರಿಗೆ ಬಿದ್ದ ಕಡೆ ಇಂಥದೇ ದಿಂಬುಗಳು ಅಲ್ಲೂ ಆಗಿವೆ. ಎರಡನ್ನೂ ನೋಡಿದ ಮಗಳು ಅಣ್ಣನಿಗೆ ಹೇಳಿದಳು: “ಮಾಮಾ, ನಮ್ಮದು ಪಾಪು, ನಿಮ್ಮದು ಮುತ್ತಜ್ಜ.” ಅಣ್ಣನಿಗೆ ಇದು ಬಹಳ ಹಿಡಿಸಿತು. ಈಗ ಬಂದವರಿಗೆಲ್ಲ ತನ್ನದೇ ಮಾತಿನಂತೆ ಹೇಳುತ್ತಾನೆ.

ಒಂದು ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತೇನೆ. ದುರ್ಗದ ಕೋಟೆಯ ದೊಡ್ಡ ಗುಂಡುಗಳೂ ಅಗ್ನಿಪರ್ವತದಿಂದ ಸಿಡಿದು ಬಿದ್ದವು ಎಂದು ಹೇಳುವ ಚಿಕ್ಕಪ್ಪ ಎಲ್ಲರ ಮನೆಯಲ್ಲೂ ಒಬ್ಬರು ಇರುತ್ತಾರೆ. ನಂಬಬೇಡಿ. ಅದು ಗ್ರಾನೈಟ್. ನೆಲದಾಳದಲ್ಲೇ ನಿಧಾನವಾಗಿ ತಣಿದ ಶಿಲೆ. ಮೇಲಿನ ಹೊದಿಕೆ ಸವೆದು ಹೋದ ಮೇಲೆ ಹೊರಗೆ ಕಂಡಿತು, ಬಿರುಕುಗಳ ಗುಂಟ ಒಡೆದು, ಗಾಳಿ ಮಳೆಗೆ ಅಂಚು ಸವೆದು ಗುಂಡಾಯಿತು. ಚಿಕ್ಕಪ್ಪನಿಗೆ ಇದನ್ನು ಮಕ್ಕಳಿಂದಲೇ ಹೇಳಿಸುವುದು ಒಳ್ಳೆಯದು. ನಾವು ಹೇಳಿದರೆ ಜಗಳವಾಗುತ್ತದೆ.

ಮಧ್ಯಾಹ್ನ ಹಿರಿಯೂರಿನಿಂದ ಮಾವನವರನ್ನು ಹತ್ತಿಸಿಕೊಂಡು ಮಾರಿಕಣಿವೆಗೆ ಹೋದೆವು. ಹಿರಿಯೂರಿನಿಂದ ಅದು 20 ಕಿಲೋಮೀಟರಿನ ಆಸುಪಾಸು. ಬಾಬಾಬುಡನ್‌ಗಿರಿಯ ಕಡೆಯಿಂದ ಬರುವ ವೇದಾ ಮತ್ತು ಅವತಿ ಕೂಡಿ ವೇದಾವತಿಯಾಗಿ, ಬಯಲು ದಾಟಿ, ಇಲ್ಲಿ ಗುಡ್ಡಸಾಲನ್ನು ಸೀಳಿಕೊಂಡು ಹೊರಬೀಳುತ್ತದೆ. ಆ ಸೀಳಿಗೆ ಅಡ್ಡಲಾಗಿ ನಿಂತಿರುವುದೇ ವಾಣಿವಿಲಾಸ ಸಾಗರದ ಕಟ್ಟೆ. ಕೊಲಂಬಿಯಾ ಕಣಿವೆ ರೂಪುಗೊಂಡ ಕಥೆಯಲ್ಲಿ ಅಬ್ಬರ ಹೆಚ್ಚು. ಹಿಮಯುಗದ ಕೊನೆಯಲ್ಲಿ ಮಂಜುಗಡ್ಡೆಯ ಒಡ್ಡು ಮತ್ತೆ ಮತ್ತೆ ಒಡೆದು, ಸರೋವರಕ್ಕೆ ಸರೋವರವೇ ನುಗ್ಗಿ ಬಂದು ಅದನ್ನು ಕೊರೆದು ಅಗಲಿಸಿತು. ವೇದಾವತಿಗೆ ಅಂಥ ಅಬ್ಬರ ಗೊತ್ತಿಲ್ಲ. ವರ್ಷದಲ್ಲಿ ಬಹುಕಾಲ ಮರಳು ತೋರಿಸಿಕೊಂಡೇ ಇರುವ ಹೊಳೆ ಅದು. ಅಂಥ ಹೊಳೆಗೆ ಕಟ್ಟೆ ಕಟ್ಟಲು ಹೊರಟವರ ಧೈರ್ಯವನ್ನು ಮೆಚ್ಚಬೇಕು.

ಇಲ್ಲಿ ಮಾತು ಮಾವನವರ ಕೈಗೆ ಹೋಯಿತು. ಬಿಸಿಲಲ್ಲಿ ಕೊಡೆ ಹಿಡಿದು ನಿಂತು ಅವರು ಮೊಮ್ಮಕ್ಕಳಿಗೆ ಹೇಳಿದ್ದನ್ನು ಸಂಗ್ರಹಿಸುತ್ತೇನೆ. ಚಾಮರಾಜೇಂದ್ರ ಒಡೆಯರು 1894ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗ ಇನ್ನೂ ಬಾಲಕ. ರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾದರು. ಶೇಷಾದ್ರಿ ಅಯ್ಯರ್ ದಿವಾನರು. ಅವರ ಕಾಲದಲ್ಲೇ ಇಲ್ಲಿ ಕೆಲಸ ಶುರುವಾಗಿ 1907ಕ್ಕೆ ಮುಗಿಯಿತು. ಕನ್ನಂಬಾಡಿ ಕಟ್ಟೆಗೆ ಕೈಹಾಕಿದ್ದು ಅದಾದ ಮೇಲೆ, 1911ರಲ್ಲಿ. ವಾಣಿವಿಲಾಸ ಸನ್ನಿಧಾನ ಎನ್ನುವುದು ರಾಣಿಯವರ ಬಿರುದು, ಸಾಗರಕ್ಕೂ ಅದೇ ಹೆಸರಾಯಿತು. ಪೂರ್ಣ ಮಟ್ಟ 130 ಅಡಿ, ಹಿಡಿಯುವ ನೀರು ಸುಮಾರು 30 ಟಿಎಂಸಿ. ಇಷ್ಟನ್ನೂ ಅವರು ಬರೆದಿಟ್ಟ ಚೀಟಿ ನೋಡದೆ ಹೇಳಿದರು. ಮೊಮ್ಮಕ್ಕಳ ಹುಟ್ಟಿದ ದಿನ ಮಾತ್ರ ಪ್ರತಿ ವರ್ಷ ಫೋನ್ ಮಾಡಿ ಕೇಳುತ್ತಾರೆ.

1933ರಲ್ಲಿ ಕೋಡಿ ಬಿದ್ದ ಕೆರೆ, ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವಿನ 89 ವರ್ಷಗಳಲ್ಲಿ ಹುಟ್ಟಿ, ಅದನ್ನು ಕಾಣದೆಯೇ ಹೋದವರು ಎಷ್ಟು ಜನ! ಮಾವನವರ ತಂದೆಯೂ ಅವರಲ್ಲಿ ಸೇರಿದ್ದಾರೆ. ತುಂಬಿದಾಗ ಹೇಗಿತ್ತು ಎಂದು ಅವರು ಕೇಳಿ ಹೇಳಿದ್ದನ್ನೇ ಮಾವನವರು ಜೀವಮಾನವಿಡೀ ಹೇಳಿಕೊಂಡು ಬಂದಿದ್ದರು. 2022ರಲ್ಲಿ ಕೋಡಿ ಹರಿದ ದಿನ ನಮಗೆ ಇಲ್ಲಿ ನಡುರಾತ್ರಿ ವೀಡಿಯೊ ಕರೆ ಬಂತು. ಪರದೆಯ ತುಂಬ ನೀರು, ಜನರ ಕೂಗು, ಅದರ ನಡುವೆ ಅವರ ಅರ್ಧ ಕಿವಿ. 2025ರ ಜನವರಿಯಲ್ಲಿ ಮತ್ತೆ ತುಂಬಿತು. ಆಗ ಕರೆ ಬಂದದ್ದು ಹಗಲು ಹೊತ್ತಿನಲ್ಲಿ, ದನಿಯಲ್ಲಿ ಸ್ವಲ್ಪ ಗತ್ತು ಸೇರಿತ್ತು.

ಕಟ್ಟೆಯ ಮೇಲಿನ ಕಲ್ಲಿನ ಮಂಟಪದ ನೆರಳಿನಿಂದ ಮಗ ಕೇಳಿದ: “ತಾತ, ಇದರ ಕೆಳಗೆ ಎಷ್ಟು ಎಕರೆ ನೀರಾವರಿ?” ಬೊನೆವಿಲ್‌ನಲ್ಲಿ ಕೇಳಿದ್ದನ್ನು ಅವನು ಮರೆತಿರಲಿಲ್ಲ. ಮಾವನವರು ಎಡದಂಡೆ, ಬಲದಂಡೆ ನಾಲೆಗಳನ್ನು ಕೈಬೀಸಿ ತೋರಿಸುತ್ತ, ಯಾರ ತೆಂಗಿನ ತೋಟ ಬರದಲ್ಲಿ ಒಣಗಿತು, ಯಾರದು ಉಳಿಯಿತು ಎಂದು ಹೆಸರು ಹಿಡಿದು ಹೇಳತೊಡಗಿದರು. ಕಣಿವೆ ಮಾರಮ್ಮನ ಗುಡಿ ಮುಚ್ಚುವ ಹೊತ್ತಾಯಿತು ಎಂದು ಅಮ್ಮ ಎಬ್ಬಿಸದಿದ್ದರೆ ಹಿರಿಯೂರು ತಾಲ್ಲೂಕಿನ ಎಲ್ಲ ತೋಟಗಳೂ ಮುಗಿಯುತ್ತಿದ್ದವೋ ಏನೋ.

ಹೋಗುವವರಿಗೆ ಕೆಲವು ಸೂಚನೆಗಳು. ಮರಡಿಹಳ್ಳಿಗೆ ಬೆಳಿಗ್ಗೆಯೇ ಹೋಗಿ, ಓರೆ ಬಿಸಿಲಿನಲ್ಲಿ ಉಬ್ಬುಗಳು ಚೆನ್ನಾಗಿ ಕಾಣುತ್ತವೆ, ನೆರಳೂ ಅಲ್ಲಿ ಕಡಿಮೆ. ನೀರು, ಟೋಪಿ ಜೊತೆಯಲ್ಲಿರಲಿ. ಹಿರಿಯರಿದ್ದರೆ ಒಂದು ಮಡಚುವ ಕುರ್ಚಿ ಒಯ್ಯಿರಿ. ದಾರಿ ತಪ್ಪಿದರೆ ಲಾವಾ ಎಲ್ಲಿದೆ ಎಂದು ಕೇಳಬೇಡಿ, ಮರಡಿಹಳ್ಳಿ ಯಾವ ಕಡೆ ಎಂದು ಕೇಳಿ. ಸುತ್ತಿಗೆ ಒಯ್ಯಬೇಡಿ, ಅದು ಸಂರಕ್ಷಿತ ಸ್ಥಳ, ನೆನಪಿಗೆಂದು ಒಂದು ಚೂರು ಒಡೆಯುವುದೂ ತಪ್ಪು. ಮಾರಿಕಣಿವೆಯಲ್ಲಿ ನೀರಿಗೆ ಇಳಿಯುವ ಹುಮ್ಮಸ್ಸನ್ನು ಮಕ್ಕಳಿಗೂ ಅಣ್ಣಂದಿರಿಗೂ ತಡೆಯಿರಿ.

ಮುಂದಿನ ಸಂಚಿಕೆಯಲ್ಲಿ ಮಕ್ಕಳಿಗೆ ಎರಡು ಪುಟ ಮೀಸಲಿಟ್ಟಿದ್ದೇವೆ. ಊರಿನಲ್ಲಿ ಅವರು ಯಾರಿಗಾದರೂ ಏನನ್ನಾದರೂ ವಿವರಿಸಿದ್ದಿದ್ದರೆ ಅದನ್ನು ಅವರದೇ ಕನ್ನಡದಲ್ಲಿ ಬರೆಸಿ ಕಳಿಸಿ. ಕಾಗುಣಿತ ನಾವು ತಿದ್ದುತ್ತೇವೆ, ವಾಕ್ಯಗಳನ್ನು ಮುಟ್ಟುವುದಿಲ್ಲ. ಹೊಳಲ್ಕೆರೆ, ಹೊಸದುರ್ಗ, ಹರಿಹರದ ಕಡೆಯವರು ತಮ್ಮ ಸೀಮೆಯ ಗುಡ್ಡ, ಕೆರೆಗಳ ಬಗ್ಗೆ ಬರೆದರೆ ಅದಕ್ಕೂ ಜಾಗ ಇದೆ. ಲೇಖನಗಳು ಆಗಸ್ಟ್ ಕೊನೆಯೊಳಗೆ ಕೈಸೇರಲಿ.