ಪದ್ಯದ ಮೊದಲ ಮುದ್ರಣವೋ, ಚಿತ್ರದ್ದೋ?

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮಕ್ಕಳ ಪದ್ಯಗಳ ಹಳೆಯ ಚಿತ್ರಪುಸ್ತಕಗಳನ್ನು, ಅದೂ ಮೊದಲ ಮುದ್ರಣಗಳನ್ನೇ ಕೂಡಿಸಬೇಕು ಅಂತ ಬರೆದಿದ್ದೀಯ. ತುಂಬ ಖುಷಿಯಾಯಿತು. ಆದರೆ ದುಡ್ಡು ಕೊಡುವ ಮೊದಲು ಆ ಪುಸ್ತಕ ಹೇಗೆ ಅಚ್ಚಾಯಿತು ಅನ್ನುವುದನ್ನು ತಿಳಿದುಕೋ.

ನೀನು ಹೇಳಿದ, ಕವಿ ಆರ್.ಎಲ್. ಸ್ಟೀವನ್‌ಸನ್ ಅವರ ಮಕ್ಕಳ ಪದ್ಯಗಳ ಪುಸ್ತಕವನ್ನೇ ನೋಡು. ಮಾರುವವರು ‘1885ರ ಮೊದಲ ಮುದ್ರಣ, ಪುಟಪುಟಕ್ಕೂ ಚಿತ್ರ’ ಅಂದಿದ್ದಾರೆ, ಅಲ್ವಾ? ‘ಎ ಚೈಲ್ಡ್ಸ್ ಗಾರ್ಡನ್ ಆಫ್ ವರ್ಸಸ್’ 1885ರಲ್ಲಿ ಲಂಡನ್ನಿನಲ್ಲಿ ಹೊರಬಂದಾಗ ಅದರೊಳಗೆ ಚಿತ್ರಗಳೇ ಇರಲಿಲ್ಲ. ಚಾರ್ಲ್ಸ್ ರಾಬಿನ್‌ಸನ್ ಚಿತ್ರ ಬರೆದ ಪುಸ್ತಕ ಆಮೇಲಿನದು. ಅದರ ಶೀರ್ಷಿಕೆ ಪುಟದಲ್ಲಿ 1896 ಎಂದಿರುತ್ತದೆ. ಶೀರ್ಷಿಕೆ ಪುಟ, ಅದರ ಹಿಂಬದಿ, ಬೆನ್ನು, ಇವುಗಳ ಫೋಟೋ ಕೇಳು. ಕಳಿಸಲು ಹಿಂದೇಟು ಹಾಕಿದರೆ ಬಿಟ್ಟುಬಿಡು.

ಹೀಗೆ ಒಂದೇ ಪುಸ್ತಕಕ್ಕೆ ಎರಡು ‘ಮೊದಲು’ ಇರಬಹುದು. ಕವಿ ಟಿ.ಎಸ್. ಎಲಿಯಟ್ ಅವರ ಬೆಕ್ಕಿನ ಪದ್ಯಗಳ ಪುಸ್ತಕ 1939ರಲ್ಲಿ ಬಂತು. ಅದೇ ಪುಸ್ತಕ ನಿಕೋಲಸ್ ಬೆಂಟ್ಲಿ ಚಿತ್ರಗಳೊಂದಿಗೆ ಬಂದದ್ದು 1940ರಲ್ಲಿ. ನಿನಗೆ ಬೇಕಾದದ್ದು ಯಾವುದು? ಚಿತ್ರಗಳ ಮೇಲೆ ನಿನಗೆ ಪ್ರೀತಿ ಜಾಸ್ತಿ, ಹಾಗಾಗಿ ಚಿತ್ರಕಾರರನ್ನೇ ಹಿಡಿದುಕೊಂಡು ಹೋಗು ಅಂತ ನನ್ನ ಸಲಹೆ. ಆಮೇಲೆ ಬಂದ ಚಿತ್ರದ ಮುದ್ರಣದ ಬೆಲೆಯೂ ಸಾಮಾನ್ಯವಾಗಿ ಕಡಿಮೆ ಇರುತ್ತದೆ.

ಇಸವಿಯನ್ನು ಸುಮ್ನೆ ನಂಬಬೇಡ. ಪದ್ಯ, ಚಿತ್ರ ಎರಡನ್ನೂ ತಾವೇ ಮಾಡಿದ ಕೇಟ್ ಗ್ರೀನವೇ ಅವರ ‘ಅಂಡರ್ ದ ವಿಂಡೋ’ 1879ರದು, ಆದರೆ ಶೀರ್ಷಿಕೆ ಪುಟದಲ್ಲಿ ಇಸವಿಯೇ ಇಲ್ಲ. ಮಿಲ್ನ್ ಅವರ ‘ವೆನ್ ವಿ ವರ್ ವೆರಿ ಯಂಗ್’ನಲ್ಲಿ ‘ಮೊದಲು ಪ್ರಕಟವಾದದ್ದು 1924’ ಎಂಬ ಸಾಲು ಮರುಮುದ್ರಣಗಳಲ್ಲೂ ಉಳಿದಿದೆ. ಅದರ ಕೆಳಗೆ ಬೇರೆ ಮುದ್ರಣಗಳ ಪಟ್ಟಿ ಇದೆಯಾ ನೋಡು. ಅದೇ ಪುಸ್ತಕದ 100 ವಿಶೇಷ ಪ್ರತಿಗಳಿಗೆ ಮಿಲ್ನ್ ಮತ್ತು ಚಿತ್ರಕಾರ ಶೆಪರ್ಡ್ ಇಬ್ಬರೂ ಸಹಿ ಹಾಕಿದ್ದರು. ಅವುಗಳ ಹಿಂದೆ ಬೀಳಬೇಡ. ಮಕ್ಕಳ ಕೈಯಲ್ಲಿ ಓಡಾಡಿದ್ದು ಸಾಧಾರಣ ಪ್ರತಿಯೇ.

ಮಕ್ಕಳ ಪುಸ್ತಕಗಳು ಅಪರೂಪವಾಗಿದ್ದು ಕಡಿಮೆ ಅಚ್ಚಾದದ್ದರಿಂದಲೇ ಅಲ್ಲ. ಗ್ರೀನವೇ ಪುಸ್ತಕವನ್ನು ಮುದ್ರಕ ಎಡ್ಮಂಡ್ ಇವಾನ್ಸ್ ಮೊದಲ ಸಲವೇ 20,000 ಪ್ರತಿ ಅಚ್ಚು ಹಾಕಿದ್ದರು. ಮರದ ಅಚ್ಚುಗಳನ್ನು ಕೆತ್ತಿ, ಬಣ್ಣಕ್ಕೊಂದು ಅಚ್ಚು ಒತ್ತಿ ಮಾಡಿದ ಕೆಲಸ ಅದು. ಆ ಬಣ್ಣಗಳ ಮೃದುತನ ನೋಡಿದರೆ ಇವತ್ತಿಗೂ ಕಣ್ಣು ತುಂಬುತ್ತದೆ. ಆದರೆ ಮಕ್ಕಳು ಪುಸ್ತಕವನ್ನು ಓದುತ್ತಾರೆ, ಎಳೆಯುತ್ತಾರೆ, ಚಿತ್ರಕ್ಕೆ ತಾವೇ ಬಣ್ಣ ಹಚ್ಚುತ್ತಾರೆ. ಹಾಗಾಗಿ ಚೆನ್ನಾಗಿ ಉಳಿದ ಪ್ರತಿ ಸಿಗುವುದು ಕಷ್ಟ. ದೊಡ್ಡವರೂ ಚಿತ್ರದ ಹಾಳೆ ಕಿತ್ತು ಚೌಕಟ್ಟು ಹಾಕಿಸಿದ್ದುಂಟು. ಕೊಳ್ಳುವ ಮೊದಲು ಚಿತ್ರಗಳನ್ನು ಒಂದೊಂದಾಗಿ ಎಣಿಸು.

ಇಪ್ಪತ್ತನೇ ಶತಮಾನದ ಪುಸ್ತಕವಾದರೆ ಡಸ್ಟ್ ಜಾಕೆಟ್, ಅಂದರೆ ರಟ್ಟಿನ ಮೇಲಿನ ಕಾಗದದ ಹೊದಿಕೆ, ನೋಡು. ಬೆಲೆಯ ದೊಡ್ಡ ಪಾಲು ಅದರದ್ದೇ. ಬೇರೆ ಪ್ರತಿಯಿಂದ ತಂದು ಹೊದಿಸಿರಬಹುದು, ಹೊಸದಾಗಿ ಅಚ್ಚು ಹಾಕಿದ್ದೂ ಇರಬಹುದು. ಅದಕ್ಕೇ ನೇರವಾಗಿ ಕೇಳು.

ಕವಿಯೂ ಚಿತ್ರಕಾರರೂ ಆದ ವಿಲಿಯಂ ಬ್ಲೇಕ್ ಅವರ 1789ರ ‘ಸಾಂಗ್ಸ್ ಆಫ್ ಇನೊಸೆನ್ಸ್’ ಬೇರೆಯೇ ಮಾತು. ಅವರೇ ಅಚ್ಚು ಹಾಕಿ, ಕೈಯಿಂದ ಬಣ್ಣ ತುಂಬಿದ್ದರಿಂದ ಒಂದು ಪ್ರತಿಯಂತೆ ಇನ್ನೊಂದಿಲ್ಲ. ಅದಕ್ಕೆ ಆಸೆ ಪಡದೆ, ಮೂಲದಂತೆಯೇ ಕಾಣುವ ಹಾಗೆ ಅಚ್ಚು ಹಾಕಿದ ಒಳ್ಳೆಯ ಮರುಮುದ್ರಣ ತಗೋ.

ಮೊದಲ ಹಾಳೆಯಲ್ಲಿ ಯಾವುದೋ ಮಗುವಿನ ಹೆಸರು, ಸೊಟ್ಟ ಅಕ್ಷರದಲ್ಲಿ ಬರೆದದ್ದು ಇದ್ದರೆ ಹಲವರು ಬೇಡವೆನ್ನುತ್ತಾರೆ, ಬೆಲೆಯೂ ಇಳಿಯುತ್ತದೆ. ನೀನು ಅಂಥದ್ದನ್ನು ಸಂತೋಷದಿಂದ ಕೊಂಡುಕೋ. ಅಳಿಸಲು ಮಾತ್ರ ಹೋಗಬೇಡ.

ಹರಿದ ಹಾಳೆಗೆ ಸೆಲೋಟೇಪ್ ಹಚ್ಚಬೇಡ. ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಬಿಸಿಲು, ತೇವ ತಾಗದ ಕಡೆ ಇಡು. ಕಪಾಟಿನಲ್ಲಿ ಬಿಗಿಯಾಗಿ ತುರುಕಬೇಡ. ತೆಗೆಯುವಾಗ ಬೆನ್ನಿನ ಮೇಲ್ತುದಿ ಹಿಡಿದು ಎಳೆದರೆ ಅಲ್ಲೇ ಹರಿಯುತ್ತದೆ. ಅಕ್ಕಪಕ್ಕದ ಪುಸ್ತಕಗಳನ್ನು ಸ್ವಲ್ಪ ಹಿಂದೆ ತಳ್ಳಿ, ನಡುಭಾಗ ಹಿಡಿದು ತೆಗೆ.

ನಿನ್ನ ದೊಡ್ಡಪ್ಪ