ದೀಪಕ್ಕೆ 12 ನಿವರ್ತನ: ಉನ್ನತ ಶಿಕ್ಷಣ ಸಚಿವರಿಗೆ ಸಾಲೋಟಗಿ ಸೀಮೆಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ಪ್ರಾಚೀನ ವಿಶ್ವವಿದ್ಯಾಲಯದ ಮಾತು ಬಂದ ಕೂಡಲೇ ನಮ್ಮ ವೇದಿಕೆಗಳಲ್ಲಿ ನಳಂದ, ತಕ್ಷಶಿಲೆಗಳ ಹೆಸರು ಕೇಳಿಬರುತ್ತದೆ. ಬರಲಿ, ಬೇಡವೆನ್ನುವವರು ಯಾರು? ಆದರೆ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ವಿದ್ಯೆಯನ್ನು ಹೆಸರಿನಲ್ಲೇ ಹೊತ್ತ ಊರೊಂದಿದೆ. ಅದರ ಹಳೆಯ ಹೆಸರು ಪಾವಿಟ್ಟಗೆ. ಅಲ್ಲಿ ಶಾಲೆ ಬೆಳೆದ ಮೇಲೆ ಶಾಲಾಪಾವಿಟ್ಟಗೆಯಾಗಿ, ಜನರ ನಾಲಗೆಯ ಮೇಲೆ ಸವೆದು ಸಾಲೋಟಗಿ ಆಯಿತು ಎಂದು ಬಲ್ಲವರು ಹೇಳುತ್ತಾರೆ. ನಾನು ಈ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಇಂಡಿಯ ಲಿಂಬೆಯ ಬಗ್ಗೆ ಗಂಟೆಗಟ್ಟಲೆ ಮಾತನಾಡಬಲ್ಲ ನಮ್ಮ ಮಕ್ಕಳಿಗೆ ಸಾಲೋಟಗಿ ಎಂದರೆ ಬಸ್ಸಿನ ಒಂದು ನಿಲುಗಡೆ, ಅಷ್ಟೇ.

ಶಕ 867, ಅಂದರೆ ಕ್ರಿ.ಶ. 945. ಮಾನ್ಯಖೇಟದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣ ಆಳುತ್ತಿದ್ದ. ಅವನ ಮಂತ್ರಿ ನಾರಾಯಣ, ಗಜಾಂಕುಶ ಎಂಬ ಬಿರುದಿನವನು, ಪಾವಿಟ್ಟಗೆಯ ತ್ರೈಪುರುಷ, ಅಂದರೆ ಬ್ರಹ್ಮ ವಿಷ್ಣು ಮಹೇಶ್ವರರ, ದೇವಾಲಯದಲ್ಲಿ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳ ವಿದ್ಯಾರ್ಥಿಗಳು ಅಲ್ಲಿ ನೆಲೆಸಿದ್ದರೆಂದು ಕಂಬದ ಮೇಲಿನ ಶಾಸನ ಹೇಳುತ್ತದೆ. ಅದನ್ನು ಮೊದಲ ಸಲ ಓದಿದಾಗ ನಾನು ಹುಡುಕಿದ್ದು ರಾಜನ ಪರಾಕ್ರಮವನ್ನು. ಸಿಕ್ಕಿದ್ದು ಒಂದು ಮನೆಯ ಖರ್ಚಿನ ಲೆಕ್ಕದಂತಿತ್ತು. ಶಾಲೆಗೆ 500 ನಿವರ್ತನ ಭೂಮಿ. ವಿದ್ಯಾರ್ಥಿಗಳು ಇರಲು 27 ಮನೆಗಳು. ಕಲಿಸುವ ಗುರುವಿಗೆ 50 ನಿವರ್ತನ ಮತ್ತು ಒಂದು ಮನೆ. ಹೂದೋಟಕ್ಕೆ ಬೇರೆ, ದೀಪಕ್ಕೆ ಬೇರೆ. ದೀಪಕ್ಕೇ 12 ನಿವರ್ತನ, ಸಚಿವರೇ. ನಿವರ್ತನವೆಂದರೆ ಸುಮಾರು ಐದು ಎಕರೆ ಎಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ದೀಪ ಆರದಿರಲೆಂದು ಅರವತ್ತು ಎಕರೆಯ ಹುಟ್ಟುವಳಿಯನ್ನು ಬರೆದುಕೊಟ್ಟ ಊರು ನಮ್ಮದು.

ಇನ್ನೊಂದು ಸಾಲಿದೆ. ಊರಿನಲ್ಲಿ ಮದುವೆಯಾದರೆ ಆ ಮನೆಯವರು ಶಾಲೆಗೆ ಐದು ನಾಣ್ಯ ಕೊಡಬೇಕು. ಉಪನಯನಕ್ಕೆ ಎರಡೂವರೆ, ಮಗುವಿನ ಕೂದಲು ತೆಗೆಸುವ ಚೌಲಕ್ಕೆ ಒಂದೂಕಾಲು. ಮನೆಯ ಸಂತೋಷದಲ್ಲಿ ಪರದೇಶದ ಹುಡುಗರಿಗೂ ಒಂದು ಪಾಲು. ರಾಜ ದೂರದಲ್ಲಿದ್ದ, ಊರು ಹತ್ತಿರವಿತ್ತು. ಆ ಶಾಲೆ ಮುಂದೊಮ್ಮೆ ಬಿದ್ದುಹೋದಾಗ ಶಿಲಾಹಾರ ವಂಶದ ಕಂಚಿಗನೆಂಬವನು ಮತ್ತೆ ಕಟ್ಟಿಸಿದನೆಂದು ಕಂಬದ ಮತ್ತೊಂದು ಬರಹ ಹೇಳುತ್ತದೆ. ಬಿದ್ದದ್ದನ್ನು ಎತ್ತುವವರೂ ಇದ್ದರು.

ದೀಪದ ಸಾಲು ನನ್ನನ್ನು ಅಷ್ಟು ಹಿಡಿದು ನಿಲ್ಲಿಸಿದ್ದಕ್ಕೆ ಕಾರಣವಿದೆ. ನಾನು ಪದವಿಗೆ ಸೇರಿದ ವರ್ಷ ವಸತಿನಿಲಯದ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ನಾವು ನಾಲ್ವರು ಹುಡುಗಿಯರು ಒಂದು ಬಾಡಿಗೆ ಕೋಣೆ ಹಿಡಿದೆವು. ಒಂದೇ ಬಲ್ಬು. ಮನೆಯೊಡತಿ ರಾತ್ರಿ ಹತ್ತಕ್ಕೆ ಹೊರಗಿನ ಸ್ವಿಚ್ ಆರಿಸಿಬಿಡುತ್ತಿದ್ದರು. ಅವರನ್ನು ದೂರಲಾರೆ, ಕರೆಂಟಿನ ಬಿಲ್ಲು ಕಟ್ಟಲು ಅವರೂ ಹೆಣಗುತ್ತಿದ್ದರು. ಪರೀಕ್ಷೆಯ ದಿನಗಳಲ್ಲಿ ಮೆಟ್ಟಿಲ ಕೆಳಗೆ, ಬೀದಿದೀಪದ ಬೆಳಕು ಓರೆಯಾಗಿ ಬೀಳುವ ಕಡೆ, ಸರದಿಯಲ್ಲಿ ಕುಳಿತು ಓದುತ್ತಿದ್ದೆವು. ಮಧ್ಯದ ಜಾಗದಲ್ಲಿ ಮಾತ್ರ ಅಕ್ಷರ ಕಾಣುತ್ತಿತ್ತು. ಅರ್ಧ ಗಂಟೆಗೊಮ್ಮೆ ಜಾಗ ಬದಲಾಯಿಸುತ್ತಿದ್ದೆವು.

ಊಟ ಬಸ್ಸಿನಲ್ಲಿ ಬರುತ್ತಿತ್ತು. ನಮ್ಮ ಕಡೆ ಕಾಲೇಜು ಓದಿದವರಿಗೆಲ್ಲ ಇದು ಗೊತ್ತು. ಅವ್ವ ನಸುಕಿನಲ್ಲೆದ್ದು ರೊಟ್ಟಿ ಬಡಿದು, ಶೇಂಗಾ ಹಿಂಡಿ, ಜುಣಕದ ವಡೆ ಇಟ್ಟು ಬುತ್ತಿ ಕಟ್ಟಿ, ಮೊದಲ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದಳು. ಡಬ್ಬಿಯ ಮೇಲೆ ಕೆಂಪು ಬಣ್ಣದಲ್ಲಿ ನನ್ನ ಹೆಸರು, ಊರಿನ ಹೆಸರು. ಬೆಳಿಗ್ಗೆ ನಿಲ್ದಾಣದಲ್ಲಿ ಹತ್ತಾರು ಮಕ್ಕಳು ತಂತಮ್ಮ ಡಬ್ಬಿ ಹುಡುಕುತ್ತ ನಿಂತಿರುತ್ತಿದ್ದೆವು. ಬಸ್ಸು ಕೆಟ್ಟ ದಿನ ಉಪವಾಸ. ಆ ಕಂಡಕ್ಟರುಗಳು ಒಂದು ಪೈಸೆಯನ್ನೂ ಕೇಳಿದವರಲ್ಲ. ಹೆಸರು ಗೊತ್ತಿಲ್ಲದ ಆ ಅಣ್ಣಂದಿರ ಋಣ ನನ್ನ ಪದವಿಯ ಮೇಲಿದೆ.

ಸಾಲೋಟಗಿಯ ಶಾಸನವನ್ನು ಕಣ್ಣು ಮುಚ್ಚಿ ಹೊಗಳುವವಳು ನಾನಲ್ಲ. ಆ 27 ಮನೆಗಳಲ್ಲಿ ನನ್ನಂಥ ಹೆಣ್ಣಿಗೆ, ಉಳುವವರ ಮಗಳಿಗೆ, ಬಾಗಿಲು ತೆರೆಯುತ್ತಿರಲಿಲ್ಲ. ಐನೂರು ನಿವರ್ತನವನ್ನು ಉತ್ತವರು ನಮ್ಮವರು, ಅದರ ಅನ್ನ ಉಂಡು ಓದಿದವರು ಬೇರೆಯವರು. ಆ ಬಾಗಿಲನ್ನು ತೆರೆಯಲು ಬಹಳ ಕಾಲ ಹಿಡಿಯಿತು. ವಿದ್ಯಾರ್ಥಿಗಳಿಗೆ ಅನ್ನ, ವಸತಿ ಕೊಡುವ ಧಾರವಾಡದ ಮುರುಘಾಮಠದಂತಹ ಪ್ರಸಾದ ನಿಲಯಗಳು, ಸಿದ್ಧಗಂಗೆಯ ದಾಸೋಹ, ಆಮೇಲೆ ಸರ್ಕಾರದ ವಸತಿನಿಲಯಗಳು ಬಂದವು. ಈ ನಾಡಿನ ಎಷ್ಟು ಮನೆಗಳ ಮೊದಲ ಪದವೀಧರರು ಆ ಸಾಲಿನಲ್ಲಿ ತಟ್ಟೆ ಹಿಡಿದು ನಿಂತು ಓದಿದವರು ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯನ್ನೂ ಇಲ್ಲಿ ನೆನೆಯಬೇಕು. 1058ರ ಶಾಸನದಲ್ಲಿ ಅಲ್ಲಿನ ಘಟಿಕಾಸ್ಥಾನದ, ಅಂದರೆ ಉನ್ನತ ವಿದ್ಯಾಕೇಂದ್ರದ, ವಿವರವಿದೆ. ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು ಐವತ್ತರಷ್ಟು, ಗುರುಗಳು ಆರು ಮಂದಿ. ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರೂ ಆರು ಮಂದಿ! ತಾಳೆಗರಿಯ ಕಾಲದಲ್ಲಿ ಗುರುಗಳಷ್ಟೇ ಗ್ರಂಥಪಾಲಕರು. ನಾನು ಓದಿದ ಕಾಲೇಜಿನಲ್ಲಿ ಮೂರು ವರ್ಷ ಗ್ರಂಥಪಾಲಕರಿರಲಿಲ್ಲ. ಕಪಾಟುಗಳ ಬೀಗದ ಕೈ ಗುಮಾಸ್ತರ ಬಳಿ ಇತ್ತು, ಗುಮಾಸ್ತರು ಯಾವಾಗಲೂ ಕೆಲಸದಲ್ಲಿರುತ್ತಿದ್ದರು. ಗಾಜಿನಾಚೆ ಕಾಣುವ ಪುಸ್ತಕದ ಬೆನ್ನಿನ ಮೇಲಿನ ಹೆಸರುಗಳನ್ನು ಓದಿ ಹಿಂತಿರುಗುತ್ತಿದ್ದೆವು. 1965ರ ಕಾಯ್ದೆಯಂತೆ ಸಾರ್ವಜನಿಕ ಗ್ರಂಥಾಲಯಕ್ಕೆಂದು ಆಸ್ತಿ ತೆರಿಗೆಯ ಜೊತೆ ಕರ ಕಟ್ಟುವ ಜನ ನಾವು. ಪಾವಿಟ್ಟಗೆಯ ಮದುವೆ ಮನೆಯ ಐದು ನಾಣ್ಯದ ನೆನಪು ಅದರಲ್ಲಿ ಇನ್ನೂ ಉಳಿದಿದೆ ಎಂದು ನಾನು ಪಾಠ ಮಾಡುವಾಗ ಹೇಳುತ್ತೇನೆ.

ವಸತಿನಿಲಯ ನಮ್ಮ ಇಲಾಖೆಯದಲ್ಲ ಎಂದು ನೀವು ಹೇಳಬಹುದು. ಹೌದು, ಇಂದು ಪಾಠ ಒಂದು ಇಲಾಖೆ, ಊಟ ಮತ್ತು ಮಲಗುವ ಜಾಗ ಇನ್ನೊಂದು ಇಲಾಖೆ, ಅದೂ ಜಾತಿ ಪ್ರಮಾಣಪತ್ರಕ್ಕೆ ತಕ್ಕಂತೆ ಬೇರೆ ಬೇರೆ. ಬಸ್ಸು ಮತ್ತೊಂದು. ಹದಿನೆಂಟರ ಹುಡುಗಿಯೊಬ್ಬಳ ಹಸಿವು, ನಿದ್ದೆ, ಓದು ಮೂರೂ ಒಂದೇ ದೇಹದಲ್ಲಿ ಇರುತ್ತವೆ. 945ರಲ್ಲಿ ಇವೆಲ್ಲ ಒಂದೇ ಕಲ್ಲಿನ ಮೇಲೆ ಕುಳಿತಿದ್ದವು. ಗುರು, ಮನೆ, ದೀಪ ಎಲ್ಲದಕ್ಕೂ ಒಂದೇ ಶಾಸನ. ವಸತಿನಿಲಯ ಸಿಗದವರಿಗೆ ವಿದ್ಯಾಸಿರಿಯ ಹಣ ಬರುತ್ತದೆ, ಅದಕ್ಕೆ ಕೃತಜ್ಞಳಾಗಿದ್ದೇನೆ. ಆದರೆ ಹೆಣ್ಣುಮಕ್ಕಳಿಗೆ ಕೋಣೆ ಕೊಡಲು ಹಿಂಜರಿಯುವ ಊರುಗಳಲ್ಲಿ ಹಣವೇ ಕೋಣೆಯಾಗುವುದಿಲ್ಲ.

ನಾನು ಕೇಳುವುದು ದೊಡ್ಡದಲ್ಲ. ಪ್ರಾಚೀನ ವಿದ್ಯಾಕೇಂದ್ರದ ಹೆಸರಿನಲ್ಲಿ ಉತ್ಸವ, ಸ್ವಾಗತ ಕಮಾನು, ಪ್ರತಿಮೆ ಯಾವುದೂ ಬೇಡ. ಸಾಲೋಟಗಿಯಲ್ಲಿ 27 ಕೋಣೆಗಳ ಒಂದು ವಿದ್ಯಾರ್ಥಿನಿಲಯ ಕಟ್ಟಿಸಿ. ಜಾತಿ ಕೇಳದೆ, ಪದವಿ ಓದುವ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಅಲ್ಲಿರಲಿ. ಇರುಳಿಡೀ ಬೆಳಕಿರುವ ಓದುವ ಕೋಣೆ ಇರಲಿ, ಅದಕ್ಕೊಬ್ಬ ಕಾಯಂ ಗ್ರಂಥಪಾಲಕರಿರಲಿ. ಬಾಗಿಲ ಪಕ್ಕದಲ್ಲಿ ಆ ಶಾಸನದ ದಾನದ ಸಾಲುಗಳನ್ನು, ಮಕ್ಕಳಿಗೆ ತಿಳಿಯುವ ಇಂದಿನ ಕನ್ನಡದಲ್ಲಿ, ಕಲ್ಲಿನ ಮೇಲೆ ಕೊರೆಸಿ. ಗಜಾಂಕುಶ ನಾರಾಯಣನೂ ನಿಮ್ಮಂತೆ ಒಬ್ಬ ಮಂತ್ರಿಯೇ ಆಗಿದ್ದ.

ನನ್ನ ತಮ್ಮನ ಮದುವೆ ಬರುವ ವೈಶಾಖದಲ್ಲಿದೆ. ಶಾಸನದ ಕಥೆಯನ್ನು ಮನೆಯಲ್ಲಿ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಮದುವೆಯ ಖರ್ಚಿನ ಪಟ್ಟಿಯ ಕೊನೆಗೆ ತಾವೇ ಒಂದು ಸಾಲು ಸೇರಿಸಿದರು: ಶಾಲೆಗೆ ಐದು ಸಾವಿರ. ಓಣಿಯ ಇನ್ನೂ ಎರಡು ಮನೆಯವರು ತಾವೂ ಕೊಡುವುದಾಗಿ ಹೇಳಿದ್ದಾರೆ. ಆ ಹಣವನ್ನು ಯಾವ ಖಾತೆಗೆ ಕಟ್ಟಬೇಕು ಎಂದು ದಯವಿಟ್ಟು ತಿಳಿಸಿ.

ತಮ್ಮ ವಿಶ್ವಾಸಿ,
ಇಂಡಿ ತಾಲ್ಲೂಕಿನ ಒಬ್ಬ ಶಿಕ್ಷಕಿ